ಮೇಲಿನ ಗಡಿಯಾರ, ಕೆಳಗಿನ ಬದು: ಒಬ್ಬ ಸರ್ವೆಯರ್ ಬರೆದ ಉಪಗ್ರಹ ಸೇವೆಯ ವಿಮರ್ಶೆ

ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದೌ, ನಮ್ಮ ನಾವಿಕ್: ಇವು ಉಪಗ್ರಹಗಳಿಂದ ಜಾಗ ಹೇಳುವ ವ್ಯವಸ್ಥೆಗಳು. ತಿಪಟೂರು ಸೀಮೆಯ ಯಾವ ಹೊಲದಲ್ಲಿ ರೋವರ್ (ಉಪಗ್ರಹದ ಸಂಕೇತ ಹಿಡಿಯುವ ಅಳತೆಯ ಯಂತ್ರ) ಕೋಲು ನಿಲ್ಲಿಸಿದರೂ ಈ ವ್ಯವಸ್ಥೆಗಳ ಉಪಗ್ರಹಗಳು ಕಂಟ್ರೋಲರ್ ಪರದೆಯ ಮೇಲೆ ಒಂದೊಂದಾಗಿ ಬಂದು ಕೂರುತ್ತವೆ. ನಾನು ಲೈಸೆನ್ಸ್ ಸರ್ವೆಯರ್. ಪೋಡಿ, ಹದ್ದುಬಸ್ತು, 11ಇ ನಕ್ಷೆ, ಅಂದರೆ ಜಮೀನು ಅಳೆದು ಭಾಗ ಮಾಡುವುದು, ಗಡಿ ಗುರುತಿಸುವುದು, ನಕ್ಷೆ ಬರೆಯುವುದು ನನ್ನ ದಿನದ ಕೆಲಸ. ಡಿಗ್ರಿಯಲ್ಲಿ ಓದಿದ್ದು ಫಿಸಿಕ್ಸ್. ಮಿಕ್ಸಿಗೂ ಟೀವಿಗೂ ಉದ್ದುದ್ದ ವಿಮರ್ಶೆ ಬರೆಯುವ ನಮ್ಮ ಜನ ಈ ಸೇವೆಯ ಬಗ್ಗೆ ಬರೆದದ್ದು ಕಡಿಮೆ. ಬರೆದವರೂ 'ಐನ್‌ಸ್ಟೈನ್ ಸಾಪೇಕ್ಷತೆಯ ಲೆಕ್ಕ ಸೇರಿಸದಿದ್ದರೆ ನಿಮ್ಮ ಜಿಪಿಎಸ್ ದಿನಕ್ಕೆ ಹತ್ತು ಕಿಲೋಮೀಟರ್ ತಪ್ಪಿ ತೋರಿಸುತ್ತಿತ್ತು' ಎಂಬ ಒಂದೇ ಸಾಲನ್ನು ಹೇಳಿ ಮುಗಿಸುತ್ತಾರೆ. ಆ ಸಾಲು ಅರ್ಧ ಮಾತ್ರ ನಿಜ. ಇನ್ನರ್ಧ ಅದಕ್ಕಿಂತ ಚೆನ್ನಾಗಿದೆ, ಅದನ್ನು ಯಾರೂ ಹೇಳುವುದಿಲ್ಲ ಅನ್ನುವುದೇ ಇದನ್ನು ಬರೆಯಲು ಕಾರಣ.

ಬದುವಿನ ಮೇಲೆ ನಿಂತ ರೈತರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: "ಮೇಡಮ್ಮೋರೆ, ಅಷ್ಟು ಎತ್ತರದಿಂದ ನಮ್ ಬದು ಅದಕ್ಕೆ ಹೆಂಗ್ ಕಾಣ್ಸುತ್ತೆ?" ಕಾಣಿಸುವುದಿಲ್ಲ ಯಜಮಾನ್ರೇ, ಅದು ಬರೀ ಟೈಮ್ ಹೇಳುತ್ತೆ, ಅಷ್ಟೇ ಅದರ ಕೆಲಸ ಎಂದರೆ ನಂಬುವುದಿಲ್ಲ. ಆದರೆ ಸೇವೆ ನಿಜವಾಗಿ ಅಷ್ಟೇ. ಪ್ರತಿ ಉಪಗ್ರಹವೂ 'ನನ್ನ ಗಡಿಯಾರದಲ್ಲಿ ಈಗ ಇಷ್ಟು ಹೊತ್ತು, ನಾನು ಇಂಥಾ ದಾರಿಯಲ್ಲಿ ಸುತ್ತುತ್ತಿದ್ದೇನೆ' ಎಂದು ಸಾರುತ್ತಲೇ ಇರುತ್ತದೆ. ಜಿಪಿಎಸ್ ಉಪಗ್ರಹ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿದೆ. ನೆತ್ತಿಯ ಮೇಲಿದ್ದರೆ ಅದರ ಮಾತು ಇಲ್ಲಿಗೆ ತಲುಪಲು ಸೆಕೆಂಡಿನ ಸಾವಿರದಲ್ಲಿ 67 ಭಾಗ ಬೇಕು, ದಿಗಂತದ ಹತ್ತಿರವಿದ್ದರೆ 86 ಭಾಗ. ಎಷ್ಟು ತಡವಾಗಿ ತಲುಪಿತು ಎಂಬುದನ್ನು ನನ್ನ ಯಂತ್ರ ದೂರವಾಗಿ ಬದಲಿಸುತ್ತದೆ. ಗಡಿಯಾರ ಒಂದು ನ್ಯಾನೋಸೆಕೆಂಡ್ ತಪ್ಪಿದರೆ ದೂರ 30 ಸೆಂಟಿಮೀಟರ್ ತಪ್ಪಿತು. ಒಂದು ಅಡಿ. ಅಣ್ಣತಮ್ಮಂದಿರು ಮಾತು ಬಿಡಲು ನಮ್ಮ ಕಡೆ ಒಂದು ಅಡಿ ಸಾಕು.

ಹಾಗಾಗಿ ಈ ಸೇವೆಯ ಗುಣಮಟ್ಟ ಅಂದರೆ ಗಡಿಯಾರದ ಗುಣಮಟ್ಟ. ಆ ಗಡಿಯಾರವೋ ನಮ್ಮ ಜೊತೆ ನೆಲದ ಮೇಲೆ ಇಲ್ಲ. ಅದು ಸೆಕೆಂಡಿಗೆ 3.87 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ. ಓಡುವ ಗಡಿಯಾರ ನಿಧಾನವಾಗುತ್ತದೆ ಎನ್ನುವುದು 1905ರ ವಿಶೇಷ ಸಾಪೇಕ್ಷತೆ. ಈ ಲೆಕ್ಕದಲ್ಲಿ ಅದು ದಿನಕ್ಕೆ ಸುಮಾರು 7.2 ಮೈಕ್ರೋಸೆಕೆಂಡ್ ಹಿಂದೆ ಬೀಳಬೇಕು. ಅದು ಭೂಮಿಯ ಸೆಳೆತ ಕಡಿಮೆಯಾದ ಎತ್ತರದಲ್ಲೂ ಇದೆ. ಅಲ್ಲಿ ಕಾಲ ಬೇಗ ಹರಿಯುತ್ತದೆ ಎನ್ನುವುದು 1915ರ ಸಾಮಾನ್ಯ ಸಾಪೇಕ್ಷತೆ. ಈ ಲೆಕ್ಕದಲ್ಲಿ ದಿನಕ್ಕೆ ಸುಮಾರು 45.7 ಮೈಕ್ರೋಸೆಕೆಂಡ್ ಮುಂದೆ ಹೋಗಬೇಕು. ಎರಡನ್ನೂ ಕೂಡಿ ಕಳೆದರೆ ದಿನಕ್ಕೆ 38 ಮೈಕ್ರೋಸೆಕೆಂಡ್ ಚಿಲ್ಲರೆ ಮುಂದೆ. ಜಿಪಿಎಸ್ ಕಟ್ಟಿದವರು ಇದಕ್ಕೆ ಮಾಡಿದ ಉಪಾಯ ಬಲು ನೇರ: ಗಡಿಯಾರದ ಮೂಲ ಆವರ್ತನವನ್ನು (ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂಬುದನ್ನು) 10.23 ಮೆಗಾಹರ್ಟ್ಸ್ ಎಂದು ಇಡದೆ 10.22999999543 ಮೆಗಾಹರ್ಟ್ಸ್ ಎಂದು ನೆಲದ ಮೇಲೇ ತಿರುಗಿಸಿಟ್ಟು ಕಳಿಸಿದರು. ಇಲ್ಲಿದ್ದಾಗ ಅದು ನಿಧಾನದ ಗಡಿಯಾರ, ಮೇಲೆ ಹೋದ ಮೇಲೆ ಸರಿಯಾದ ಗಡಿಯಾರ. ರಷ್ಯಾದ ಗ್ಲೋನಾಸ್ ಸಹ ಹೀಗೇ ಮಾಡುತ್ತದೆ. ಅಲ್ಲಿ 5 ಮೆಗಾಹರ್ಟ್ಸ್ ಬದಲು 4.99999999782.

ಇದನ್ನು ಮೊದಲ ಸಲ ಪರೀಕ್ಷಿಸಿದ ಕಥೆ ನನಗೆ ತುಂಬ ಇಷ್ಟ. 1977ರ ಜೂನ್ 23ರಂದು ಅಮೆರಿಕ ಎನ್‌ಟಿಎಸ್-2 ಎಂಬ ಉಪಗ್ರಹ ಹಾರಿಸಿತು. ಕಕ್ಷೆಗೆ ಸೀಸಿಯಂ ಅಣುಗಡಿಯಾರ ಹೊತ್ತೊಯ್ದ ಮೊದಲ ಉಪಗ್ರಹ ಅದು. ಸಾಪೇಕ್ಷತೆಯ ಪರಿಣಾಮ ನಿಜಕ್ಕೂ ಇದೆಯೇ ಎಂದು ಆಗಲೂ ಅನುಮಾನಪಟ್ಟವರು ಆ ಯೋಜನೆಯ ಸುತ್ತ ಇದ್ದರು. ಜಗಳ ಕಾಯಲಿಲ್ಲ, ತಿದ್ದುಪಡಿ ಮಾಡುವ ಸಾಧನವನ್ನು ಉಪಗ್ರಹದೊಳಗೇ ಇಟ್ಟು, ಬೇಕಾದರೆ ಚಾಲೂ ಮಾಡೋಣ ಎಂದು ಆರಿಸಿಯೇ ಕಳಿಸಿದರು. ಸುಮಾರು 20 ದಿನ ಗಡಿಯಾರವನ್ನು ಅದರ ಪಾಡಿಗೆ ಬಿಟ್ಟು ನೋಡಿದಾಗ, ಲಕ್ಷ ಕೋಟಿಯಲ್ಲಿ 442.5 ಭಾಗ ವೇಗವಾಗಿ ಓಡುತ್ತಿತ್ತು. ಸಿದ್ಧಾಂತ ಹೇಳಿದ್ದು 446.5. ನೂರಕ್ಕೆ ಒಂದು ಭಾಗದಷ್ಟೂ ವ್ಯತ್ಯಾಸವಿಲ್ಲ. ತಿದ್ದುಪಡಿ ಚಾಲೂ ಮಾಡಿದರು. ಎರಡು ಕಡೆಯವರ ವಾದವನ್ನೂ ಕೇಳಿ, ಬಾಂದು ಕಲ್ಲು ಅಗೆದು ನೋಡಿ ತೀರ್ಮಾನ ಮಾಡುವ ಹಾಗಿನ ಕೆಲಸ ಇದು. ಈ ಸೇವೆಯ ಬುನಾದಿ ಇಷ್ಟು ಪ್ರಾಮಾಣಿಕವಾಗಿ ಬಿದ್ದಿದೆ ಎಂಬುದಕ್ಕೇ ನನ್ನ ಅರ್ಧ ಅಂಕ ಹೋಗುತ್ತದೆ.

ಈಗ ಆ ಹತ್ತು ಕಿಲೋಮೀಟರ್ ಮಾತಿಗೆ ಬರೋಣ. 38 ಮೈಕ್ರೋಸೆಕೆಂಡಿನಲ್ಲಿ ಬೆಳಕು 11 ಕಿಲೋಮೀಟರ್ ಚಿಲ್ಲರೆ ಹೋಗುತ್ತದೆ, ಅದು ಸರಿ. ಆದ್ದರಿಂದ ತಿದ್ದುಪಡಿ ಇಲ್ಲದಿದ್ದರೆ ನನ್ನ ಜಾಗ ದಿನಕ್ಕೆ 11 ಕಿಲೋಮೀಟರ್ ತಪ್ಪುತ್ತದೆ ಎಂಬ ತೀರ್ಮಾನ ಸರಿಯಲ್ಲ. ಫೋನಿನಲ್ಲಿರುವುದು ಅಗ್ಗದ ಹರಳಿನ ಗಡಿಯಾರ; ಅದು ಎಷ್ಟು ತಪ್ಪಿದೆ ಎಂಬುದು ಫೋನಿಗೇ ಗೊತ್ತಿರುವುದಿಲ್ಲ. ಅದಕ್ಕೇ ಮೂರು ಉಪಗ್ರಹದ ಬದಲು ಕನಿಷ್ಠ ನಾಲ್ಕು ಬೇಕು: ಉದ್ದ, ಅಗಲ, ಎತ್ತರದ ಜೊತೆಗೆ ಫೋನಿನ ಗಡಿಯಾರದ ತಪ್ಪೂ ಒಂದು ಅಜ್ಞಾತ. ಎಲ್ಲ ಜಿಪಿಎಸ್ ಉಪಗ್ರಹಗಳೂ ಸರಾಸರಿಯಲ್ಲಿ ಒಂದೇ ಎತ್ತರದಲ್ಲಿ ಇರುವುದರಿಂದ ಎಲ್ಲದರ ಗಡಿಯಾರವೂ ಒಂದೇ ಸಮನಾಗಿ ಮುಂದೆ ಓಡುತ್ತದೆ. ಎಲ್ಲ ದೂರಗಳೂ ಒಂದೇ ಅಳತೆಯಲ್ಲಿ ತಪ್ಪಿದರೆ ಫೋನು ಆ ತಪ್ಪನ್ನು ತನ್ನ ಗಡಿಯಾರದ ಲೆಕ್ಕಕ್ಕೆ ಹಾಕಿಕೊಳ್ಳುತ್ತದೆ, ಜಾಗ ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತದೆ. ಉಳಿಯುವುದು ಸಣ್ಣದೊಂದು ದೋಷ: ಉಪಗ್ರಹ ಎಲ್ಲಿದೆ ಎಂದು ಲೆಕ್ಕ ಹಾಕುವ ಹೊತ್ತು ದಿನಕ್ಕೆ 38 ಮೈಕ್ರೋಸೆಕೆಂಡ್ ಆಚೀಚೆ ಆಗುತ್ತದೆ. ಅಷ್ಟರಲ್ಲಿ ಉಪಗ್ರಹ ಸರಿಯುವುದು 15 ಸೆಂಟಿಮೀಟರ್. ಸಾಲದ್ದಕ್ಕೆ ನೆಲದ ಕೇಂದ್ರಗಳು ಪ್ರತಿ ಗಡಿಯಾರವನ್ನೂ ದಿನವೂ ಅಳೆದು ತಿದ್ದುಪಡಿ ಕಳಿಸುತ್ತಿರುತ್ತವೆ.

ರೋವರ್‌ನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ನಾನು ಒಂಟಿ ಯಂತ್ರ ನಂಬಿ ಬದು ಗುರುತಿಸುವುದಿಲ್ಲ. ಗೊತ್ತಿರುವ ಜಾಗದಲ್ಲಿ ಇನ್ನೊಂದು ಯಂತ್ರವನ್ನು ಬೇಸ್ ಎಂದು ಕೂರಿಸುತ್ತೇನೆ, ಇಲ್ಲವೇ ಸರ್ವೆ ಆಫ್ ಇಂಡಿಯಾದ ಕಾರ್ಸ್ ಜಾಲದಿಂದ (ಸದಾ ಉಪಗ್ರಹಗಳನ್ನು ಕೇಳುತ್ತಿರುವ ಸ್ಥಿರ ಕೇಂದ್ರಗಳಿಂದ) ಮೊಬೈಲ್ ಇಂಟರ್‌ನೆಟ್ ಮೂಲಕ ತಿದ್ದುಪಡಿ ತೆಗೆದುಕೊಳ್ಳುತ್ತೇನೆ. ಬೇಸ್ ಮತ್ತು ರೋವರ್ ಎರಡೂ ಅದೇ ಉಪಗ್ರಹಗಳನ್ನು ಅದೇ ಕ್ಷಣದಲ್ಲಿ ಕೇಳುತ್ತವೆ. ಲೆಕ್ಕದಲ್ಲಿ ಒಂದರಿಂದ ಇನ್ನೊಂದನ್ನು ಕಳೆದುಬಿಡುತ್ತಾರೆ. ತಿಪಟೂರು ಎಪಿಎಂಸಿಯಲ್ಲಿ ಸೊನ್ನೆ ಸರಿಯಿಲ್ಲದ ಒಂದೇ ತಕ್ಕಡಿಯಲ್ಲಿ ಎರಡು ಕೊಬ್ಬರಿ ಮೂಟೆ ತೂಗಿ, ಯಾವುದು ಎಷ್ಟು ಹೆಚ್ಚು ಎಂದು ಕೇಳಿದರೆ ಉತ್ತರ ಸರಿಯಾಗಿಯೇ ಸಿಗುತ್ತದಲ್ಲ, ಹಾಗೆ. ಉಪಗ್ರಹದ ಗಡಿಯಾರದ ತಪ್ಪು, ಅದರೊಳಗೆ ಐನ್‌ಸ್ಟೈನರ ಪಾಲೂ ಸೇರಿದಂತೆ, ಕಳೆದುಹೋಗುತ್ತದೆ. ಪರದೆಯ ಮೇಲೆ 'ಫಿಕ್ಸ್' (ಜಾಗ ಖಚಿತ) ಎಂದು ಬಿದ್ದು ಎರಡು ಮೂರು ಸೆಂಟಿಮೀಟರ್‌ಗೆ ಬದುವಿನ ಮೂಲೆ ಸಿಕ್ಕರೆ, ಅದು ಕಾಲ ಹಿಗ್ಗುವುದಕ್ಕೆ, ಅಂದರೆ ಹೀಗೆ ಗಡಿಯಾರದ ವೇಗ ಬದಲಾಗುವುದಕ್ಕೆ, ಸಾಕ್ಷಿಯಲ್ಲ. ಸಿದ್ಧಾಂತದ ಮೇಲೆ ಅಭಿಮಾನ ಇರುವವರೇ ಇದನ್ನು ಮೊದಲು ಹೇಳಬೇಕು. ತಪ್ಪು ಜಾಗದಲ್ಲಿ ಕಲ್ಲು ನೆಟ್ಟರೆ ಮುಂದೊಂದು ದಿನ ಯಾರಾದರೂ ಕಿತ್ತೇ ಕೀಳುತ್ತಾರೆ. 'ಜಿಪಿಎಸ್‌ಗೆ ಸಾಪೇಕ್ಷತೆ ಬೇಕಿಲ್ಲ, ಆದ್ದರಿಂದ ಸಾಪೇಕ್ಷತೆಯೇ ಸುಳ್ಳು' ಎಂದು ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಸಂದೇಶಗಳು ಹುಟ್ಟಿದ್ದೇ ಈ ಸಡಿಲ ಕಲ್ಲಿನಿಂದ.

ಹಾಗಾದರೆ ಗಟ್ಟಿ ಕಲ್ಲು ಎಲ್ಲಿದೆ?

ಒಂದು, ಕಕ್ಷೆಯ ಆಕಾರದಲ್ಲಿ. ಉಪಗ್ರಹದ ದಾರಿ ಪೂರ್ತಿ ವೃತ್ತವಲ್ಲ, ಸ್ವಲ್ಪ ಮೊಟ್ಟೆಯಾಕಾರ. ಭೂಮಿಗೆ ಹತ್ತಿರ ಬಂದಾಗ ಅದು ಜೋರಾಗಿ ಓಡುತ್ತದೆ, ಸೆಳೆತವೂ ಹೆಚ್ಚು. ಎರಡೂ ಸೇರಿ ಗಡಿಯಾರ ನಿಧಾನವಾಗುತ್ತದೆ. ದೂರ ಹೋದಾಗ ಬೇಗವಾಗುತ್ತದೆ. ನೆಲದಲ್ಲಿ ಮೊದಲೇ ತಿರುಗಿಸಿಟ್ಟ ಆವರ್ತನ ಸರಾಸರಿಯನ್ನಷ್ಟೇ ತಿದ್ದುತ್ತದೆ, ಈ ಏರಿಳಿತವನ್ನು ಮುಟ್ಟುವುದಿಲ್ಲ. ಏರಿಳಿತ ಒಂದೊಂದು ಉಪಗ್ರಹಕ್ಕೂ ಬೇರೆ ಬೇರೆ, ಆದ್ದರಿಂದ ಫೋನು ಅದನ್ನು ತನ್ನ ಗಡಿಯಾರದ ಲೆಕ್ಕಕ್ಕೆ ತಳ್ಳಲೂ ಆಗುವುದಿಲ್ಲ. ಜಿಪಿಎಸ್‌ನ ಅಧಿಕೃತ ದಸ್ತಾವೇಜು ಈ ಸೂತ್ರವನ್ನು ಬರೆದು, ಇದನ್ನು ಬಳಕೆದಾರನ ಯಂತ್ರವೇ ಲೆಕ್ಕ ಹಾಕಬೇಕು ಎಂದು ಹೇಳುತ್ತದೆ. ಕಕ್ಷೆಯ ಉತ್ಕೇಂದ್ರತೆ (ದಾರಿ ಎಷ್ಟು ಮೊಟ್ಟೆಯಾಕಾರ ಎಂಬ ಅಳತೆ) 0.01 ಇದ್ದರೆ ಗಡಿಯಾರ ಸುಮಾರು 23 ನ್ಯಾನೋಸೆಕೆಂಡ್ ಆಚೀಚೆ ತೂಗುತ್ತದೆ, ದೂರದಲ್ಲಿ 7 ಮೀಟರ್. 0.02 ಇದ್ದರೆ 46 ನ್ಯಾನೋಸೆಕೆಂಡ್, 14 ಮೀಟರ್ ಹತ್ತಿರ. ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ರೋವರ್ ದಾಖಲಿಸಿದ ಕಚ್ಚಾ ಕಡತದಲ್ಲಿ ಪ್ರತಿ ಉಪಗ್ರಹದ ಉತ್ಕೇಂದ್ರತೆಯೂ ಕಕ್ಷೆಯ ಅಳತೆಯೂ ಬರೆದಿರುತ್ತವೆ. ಸಂಜೆ ಮನೆಯಲ್ಲಿ ಕೂತು ಒಂದೇ ಕ್ಷಣದ ಉಪಗ್ರಹಗಳಿಗೆ ಸೂತ್ರ ಹಾಕಿ ನೋಡಿದರೆ ಕೆಲವಕ್ಕೆ ತಿದ್ದುಪಡಿ ಕೂಡುವ ಕಡೆ, ಕೆಲವಕ್ಕೆ ಕಳೆಯುವ ಕಡೆ. ಒಂಟಿ ಯಂತ್ರದ ಲೆಕ್ಕದಲ್ಲಿ ಆ ಸಾಲು ತೆಗೆದರೆ ಜಾಗ ಮೀಟರುಗಟ್ಟಲೆ ಸರಿಯುತ್ತದೆ. ಅಂದರೆ ನಿಮ್ಮ ಜೇಬಿನ ಫೋನು ಮ್ಯಾಪ್ ತೆರೆದಾಗಲೆಲ್ಲ ಐನ್‌ಸ್ಟೈನರ ಲೆಕ್ಕವನ್ನು ಸ್ವತಃ ಮಾಡುತ್ತದೆ. ಯಾರೋ ಕಾರ್ಖಾನೆಯಲ್ಲಿ ಒಮ್ಮೆ ಮಾಡಿಟ್ಟು ಮರೆತದ್ದಲ್ಲ, ನಿಮ್ಮ ಕೈಯಲ್ಲೇ, ಈಗ ನಡೆಯುವ ಲೆಕ್ಕ. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಸಂಗತಿ. 38 ಮೈಕ್ರೋಸೆಕೆಂಡಿಗಿಂತ ಈ 23 ನ್ಯಾನೋಸೆಕೆಂಡ್ ನನಗೆ ದೊಡ್ಡದು.

ಎರಡನೆಯ ಗಟ್ಟಿ ಕಲ್ಲು ಚೀನಾದ ಬೈದೌನಲ್ಲಿದೆ. ಅದರ ಕೆಲವು ಉಪಗ್ರಹ ಸುಮಾರು 21,500 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ, ಕೆಲವು ಸುಮಾರು 35,800 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ಜೊತೆಗೇ ದಿನಕ್ಕೊಂದು ಸುತ್ತು ಬರುವ ಭೂಸ್ಥಿರ, ಭೂಸಮಕಾಲಿಕ ಕಕ್ಷೆಗಳಲ್ಲಿವೆ. ಒಂದೇ ವ್ಯವಸ್ಥೆ, ಎರಡು ಎತ್ತರ. ಕೆಳಗಿನವು ದಿನಕ್ಕೆ ಸುಮಾರು 39.6 ಮೈಕ್ರೋಸೆಕೆಂಡ್ ಮುಂದೆ ಹೋಗಬೇಕು, ಮೇಲಿನವು ಸುಮಾರು 46.6. ನಡುವಿನ 7 ಮೈಕ್ರೋಸೆಕೆಂಡ್ ಎಲ್ಲರಿಗೂ ಸಮನಾದ ತಪ್ಪಲ್ಲ, ಹಾಗಾಗಿ ಅದು ತಾನಾಗಿ ಕಳೆದುಹೋಗುವುದಿಲ್ಲ. ಗಡಿಯಾರಗಳನ್ನು ಯಾರೂ ತಿದ್ದದೆ ಬಿಟ್ಟರೆ ದೂರದ ಲೆಕ್ಕದಲ್ಲಿ ದಿನಕ್ಕೆ ಎರಡು ಕಿಲೋಮೀಟರ್ ಬಿರುಕು. 'ಸಾಪೇಕ್ಷತೆ ಇಲ್ಲದೆ ಜಾಗ ಹಾಳಾಗುತ್ತದೆ' ಎಂದು ಹೇಳಲೇಬೇಕು ಎಂದಿರುವವರು ಈ ಉದಾಹರಣೆ ಕೊಡಲಿ, ಯಾರೂ ಅಲ್ಲಗಳೆಯಲಾರರು.

ಮೂರನೆಯದು ಗೆಲಿಲಿಯೊದ್ದು, ಎಡವಟ್ಟಿನಿಂದ ಬಂದ ಲಾಭ. 2014ರ ಆಗಸ್ಟ್‌ನಲ್ಲಿ ಯುರೋಪು ಹಾರಿಸಿದ ಎರಡು ಗೆಲಿಲಿಯೊ ಉಪಗ್ರಹಗಳು ರಾಕೆಟ್‌ನ ಮೇಲಿನ ಹಂತದ ದೋಷದಿಂದ ತಪ್ಪು ಕಕ್ಷೆಗೆ ಬಿದ್ದವು. ಆಮೇಲೆ ಎಷ್ಟು ಸರಿಪಡಿಸಿದರೂ ದಾರಿ ಉದ್ದನೆಯ ಮೊಟ್ಟೆಯಾಕಾರವಾಗಿಯೇ ಉಳಿಯಿತು. ದಾರಿ ತೋರಿಸಲು ಅಷ್ಟಾಗಿ ಒದಗದ ಆ ಜೋಡಿ, ಒಳ್ಳೆಯ ಹೈಡ್ರೋಜನ್ ಮೇಸರ್ ಗಡಿಯಾರ ಹೊತ್ತು ದಿನವೂ ಭೂಮಿಯ ಹತ್ತಿರ ಬಂದು ದೂರ ಹೋಗುತ್ತಿತ್ತು. ಫ್ರಾನ್ಸ್ ಮತ್ತು ಜರ್ಮನಿಯ ಎರಡು ತಂಡಗಳು ಅದರ ಗಡಿಯಾರದ ಏರಿಳಿತವನ್ನು ವರ್ಷಗಟ್ಟಲೆ ಹಿಡಿದು 2018ರಲ್ಲಿ ಫಲಿತಾಂಶ ಪ್ರಕಟಿಸಿದವು. 1976ರಲ್ಲಿ ಒಂದು ರಾಕೆಟ್ ಹೈಡ್ರೋಜನ್ ಮೇಸರನ್ನು 10,000 ಕಿಲೋಮೀಟರ್ ಎತ್ತರಕ್ಕೆ ಒಯ್ದು ಮಾಡಿದ ಪರೀಕ್ಷೆಯ ನಿಖರತೆಯನ್ನು ಇವು ಕೆಲವು ಪಟ್ಟು ಹೆಚ್ಚಿಸಿದವು. ಐನ್‌ಸ್ಟೈನ್ ಪಾಸಾದರು.

ನಾವಿಕ್ ಬಗ್ಗೆ ಒಂದಿಷ್ಟು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅದರ ಕಾಲದ ಕೇಂದ್ರ ನಮ್ಮ ಬೆಂಗಳೂರಿನ ಪಕ್ಕದ ಬ್ಯಾಲಾಳುವಿನಲ್ಲಿದೆ, ಉಪಗ್ರಹಗಳನ್ನು ನೋಡಿಕೊಳ್ಳುವ ಕೇಂದ್ರ ಹಾಸನದಲ್ಲಿ, ತಿಪಟೂರಿನಿಂದ ಅರಸೀಕೆರೆ ದಾಟಿದರೆ ಸಿಗುವಷ್ಟು ಹತ್ತಿರ. ಉಪಗ್ರಹಗಳೆಲ್ಲ ಭೂಸ್ಥಿರ ಎತ್ತರದಲ್ಲಿ ಇರುವುದರಿಂದ ಅವುಗಳ ಗಡಿಯಾರ ದಿನಕ್ಕೆ 46 ಮೈಕ್ರೋಸೆಕೆಂಡ್ ಚಿಲ್ಲರೆ ಮುಂದೆ ಓಡುತ್ತದೆ. ಮೊದಲನೆಯದು 2013ರ ಜುಲೈ 1ರಂದು ಹೋಯಿತು. ಈ ವ್ಯವಸ್ಥೆಗೆ ಪೆಟ್ಟು ಕೊಟ್ಟಿದ್ದೂ ಗಡಿಯಾರವೇ: ಹೊರದೇಶದಿಂದ ತಂದಿದ್ದ ರುಬಿಡಿಯಂ ಗಡಿಯಾರಗಳು ಆ ಮೊದಲ ಉಪಗ್ರಹದಲ್ಲಿ ಮೂರೂ ಕೆಟ್ಟವು. ಅದರ ಬದಲಿಗೆ ಎಂದು 2017ರ ಆಗಸ್ಟ್ 31ರಂದು ಹಾರಿಸಿದ್ದು ಶಾಖಕವಚ ಬಿಚ್ಚಿಕೊಳ್ಳದೆ ವ್ಯರ್ಥವಾಯಿತು. 2023ರ ಮೇ 29ರಂದು ಹೋದ ಎನ್‌ವಿಎಸ್-01ರಲ್ಲಿ ನಮ್ಮ ದೇಶದಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಇದೆ. ಸಾಮಾನ್ಯ ಫೋನುಗಳಿಗೂ ಸುಲಭವಾಗಿ ಸಿಗುವ ಎಲ್1 ಸಂಕೇತವೂ ಇದೆ. ಈಗಿನ ಸ್ಥಿತಿಯಲ್ಲಿ ನಾವಿಕ್ ಒಂದನ್ನೇ ನಂಬಿ ಬದು ಅಳೆಯಲು ಆಗದು, ಕೆಲಸ ಮಾಡುವ ಉಪಗ್ರಹಗಳ ಸಂಖ್ಯೆ ಸಾಲದು. ಆದರೂ ಅಣುಗಡಿಯಾರವನ್ನು ನಾವೇ ಮಾಡಲು ಕಲಿತದ್ದನ್ನು ನಾನು ರಾಕೆಟ್ ಹಾರಿಸಿದ್ದಕ್ಕಿಂತ ದೊಡ್ಡ ಸಾಧನೆ ಎಂದು ಎಣಿಸುತ್ತೇನೆ. ಕಾಲ ನಮ್ಮದಾದರೆ ಜಾಗ ನಮ್ಮದಾಗುತ್ತದೆ.

ಸೇವೆ ಎಲ್ಲಿ ಕೈಕೊಡುತ್ತದೆ? ತೆಂಗಿನ ತೋಟದ ನಡುವೆ. ಗರಿಗಳು ಸಂಕೇತವನ್ನು ತುಂಡರಿಸಿ, 'ಫಿಕ್ಸ್' ಹೋಗಿ 'ಫ್ಲೋಟ್' (ಜಾಗ ಇನ್ನೂ ಅಂದಾಜು) ಬಂದು, ಕೋಲು ಹಿಡಿದ ಹುಡುಗ ಅದು ನೆಟ್ಟಗಿದೆ ಎಂದು ತೋರಿಸುವ ಗುಳ್ಳೆಯನ್ನು ಮಧ್ಯದಲ್ಲಿ ನಿಲ್ಲಿಸಿಕೊಂಡು ಕಾಯುತ್ತಲೇ ಇರಬೇಕು. ತಗಡಿನ ಶೆಡ್ ಪಕ್ಕದಲ್ಲಿ ಸಂಕೇತ ಬಡಿದು ತಿರುಗಿ ಬಂದು ಸುಳ್ಳು ದೂರ ಹೇಳುತ್ತದೆ. ಎಲ್ಲಕ್ಕಿಂತ ಹೆಚ್ಚು ಕಾಡುವುದು ಅಯಾನುಗೋಳ, ಅಂದರೆ ವಾತಾವರಣದಲ್ಲಿ ವಿದ್ಯುತ್ ಕಣಗಳಿರುವ ಮೇಲ್ಪದರ. ಭೂಮಿಯ ಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯ ಹತ್ತಿರವೇ ಹಾದುಹೋಗುವುದರಿಂದ ನಮ್ಮ ಆಕಾಶದ ಮೇಲ್ಪದರ ಯುರೋಪಿನ ಆಕಾಶಕ್ಕಿಂತ ಹೆಚ್ಚು ಚಂಚಲ. ಸೂರ್ಯ ಜೋರಾಗಿರುವ ವರ್ಷಗಳಲ್ಲಿ, ಅದರಲ್ಲೂ ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನ ಸಂಜೆಗಳಲ್ಲಿ, ಹೊತ್ತು ಮುಳುಗಿದ ಮೇಲೆ ಸಂಕೇತ ಮಿನುಗಲು ಶುರುವಾಗುತ್ತದೆ. ಆ ಹೊತ್ತಿಗೆ ಯಂತ್ರ ಕಟ್ಟಿಟ್ಟು ಬೆಳಿಗ್ಗೆ ಬನ್ನಿ ಎನ್ನುವುದೇ ಮೇಲು. ಇದ್ಯಾವುದೂ ಸಾಪೇಕ್ಷತೆಯ ದೋಷವಲ್ಲ. ಸೇವೆ ತಪ್ಪಿದಾಗ ಬೈಯಬೇಕಾದ್ದು ಸೂರ್ಯನನ್ನು, ಗರಿಯನ್ನು, ತಗಡನ್ನು.

ಕಾಲವನ್ನೇ ನಂಬಿ ಬದುಕುವವರಿಗೆ ಮಾತ್ರ ಲೆಕ್ಕ ಬೇರೆ. 2016ರ ಜನವರಿ 26ರಂದು ಹಳೆಯದೊಂದು ಜಿಪಿಎಸ್ ಉಪಗ್ರಹವನ್ನು ಸೇವೆಯಿಂದ ತೆಗೆಯುವಾಗ ಆದ ತಪ್ಪಿನಿಂದ ಕೆಲವು ಉಪಗ್ರಹಗಳು ಗಂಟೆಗಟ್ಟಲೆ 13 ಮೈಕ್ರೋಸೆಕೆಂಡ್ ತಪ್ಪು ಸಮಯ ಸಾರಿದವು. ದಾರಿ ಹುಡುಕುವವರಿಗೆ ತೊಂದರೆ ಆಗಲಿಲ್ಲ. ಸಮಯಕ್ಕೆಂದೇ ಜಿಪಿಎಸ್ ನೆಚ್ಚಿದ್ದ ದೂರಸಂಪರ್ಕ ಜಾಲಗಳಲ್ಲಿ ಎಚ್ಚರಿಕೆ ಗಂಟೆ ಹೊಡೆಯಿತು. 13ಕ್ಕೇ ಹೀಗಾದರೆ ದಿನಕ್ಕೆ 38 ಕೂಡುತ್ತ ಹೋಗುವ ಗಡಿಯಾರದಿಂದ ಏನಾಗುತ್ತಿತ್ತು ಎಂಬುದು ಸುಲಭವಾಗಿ ತಿಳಿಯುತ್ತದೆ. ಆ ಪ್ರಸಿದ್ಧ 38 ಮೈಕ್ರೋಸೆಕೆಂಡಿನ ಜಾಗ ಇದು, ಮ್ಯಾಪ್ ಅಲ್ಲ.

ಇನ್ನು ಸಿದ್ಧಾಂತದ ಮಿತಿ. ಸಾಪೇಕ್ಷತೆಗೆ ಮಿತಿ ಇದೆ, ಅದನ್ನು ಅದೇ ಬಾಯಿಬಿಟ್ಟು ಹೇಳುತ್ತದೆ. 1955ರಲ್ಲಿ ಕೋಲ್ಕತ್ತದ ಅಮಲ್ ಕುಮಾರ್ ರಾಯಚೌಧರಿ ಬರೆದ ಸಮೀಕರಣ, ಗುರುತ್ವವು ವಸ್ತು, ಬೆಳಕುಗಳ ದಾರಿಗಳನ್ನು ಹೇಗೆ ಒಂದೆಡೆಗೆ ಕೂಡಿಸುತ್ತದೆ ಎಂದು ತೋರಿಸಿತು. ಅದರ ಮೇಲೆ ಕಟ್ಟಿದ, ಬ್ರಿಟನ್ನಿನ ಗಣಿತಜ್ಞ ರೋಜರ್ ಪೆನ್‌ರೋಸ್‌ ಅವರ 1965ರ ಪ್ರಮೇಯ, ಕುಸಿಯುವ ನಕ್ಷತ್ರದ ಒಳಗೆ ಆ ದಾರಿಗಳು ಒಂದು ಕಡೆ ತುಂಡಾಗುತ್ತವೆ ಎಂದು ಸಾಧಿಸಿತು. ಅಲ್ಲಿಂದಾಚೆ ಏನು ಎಂದು ಕೇಳಿದರೆ ಸಮೀಕರಣಗಳಲ್ಲಿ ಉತ್ತರವಿಲ್ಲ. ಅಣುವಿನ ಒಳಗಿನ ಕ್ವಾಂಟಮ್ ನಿಯಮಗಳ ಜೊತೆ ಗುರುತ್ವವನ್ನು ಕೂಡಿಸುವ ಕೆಲಸವೂ ಹಾಗೇ ಉಳಿದಿದೆ. ಆದರೆ ಕಪ್ಪು ಕುಳಿಯ ಹೊರಗೆ ನಿಂತರೆ ಸಿದ್ಧಾಂತ ಎಷ್ಟು ಗಟ್ಟಿ ಎನ್ನುವುದಕ್ಕೆ ನಮ್ಮವರೇ ಸಾಕ್ಷಿ ಕೊಟ್ಟಿದ್ದಾರೆ. ಬೆಂಗಳೂರಿನಲ್ಲಿ ಹುಟ್ಟಿದ, ಆಮೇಲೆ ಅಲ್ಲಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದ ಸಿ. ವಿ. ವಿಶ್ವೇಶ್ವರ 1970ರಲ್ಲೇ, ಕಪ್ಪು ಕುಳಿಯನ್ನು ಕದಲಿಸಿದರೆ ಅದು ಒಂದು ನಿಶ್ಚಿತ ಸ್ವರದಲ್ಲಿ ಮಿಡಿದು ಸುಮ್ಮನಾಗುತ್ತದೆ ಎಂದು ಲೆಕ್ಕ ಹಾಕಿದ್ದರು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ವೀಕ್ಷಣಾಲಯ ಹಿಡಿದ ಗುರುತ್ವ ಅಲೆಯ ಬಾಲದಲ್ಲಿ ಅಂಥ ಮಿಡಿತ ಇತ್ತು. ವಾಟ್ಸ್ಆ್ಯಪ್ ಸಂದೇಶ ಬರೆಯುವವರು ಮಿತಿಯನ್ನು ಹುಡುಕಬೇಕಾದ್ದು ಕಪ್ಪು ಕುಳಿಯ ಒಳಗೆ, ಜಿಪಿಎಸ್ ಉಪಗ್ರಹದಲ್ಲಿ ಅಲ್ಲ.

ಸರ್ವೆಯರ್ ಆಗಿ ನನಗೆ ಹೆಚ್ಚು ಆಸಕ್ತಿ ಇರುವುದು ಇನ್ನೊಂದು ಮಿತಿಯಲ್ಲಿ, ಎತ್ತರದಲ್ಲಿ. ರೋವರ್ ಕೊಡುವ ಎತ್ತರ, ಭೂಮಿಯನ್ನು ಒಂದು ನಯವಾದ ಮೊಟ್ಟೆ ಎಂದು ಭಾವಿಸಿ ಅದರ ಮೇಲಿಂದ ಅಳೆದದ್ದು. ನೀರು ಹರಿಯುವುದು ಆ ಮೊಟ್ಟೆ ನೋಡಿ ಅಲ್ಲ, ಗುರುತ್ವ ನೋಡಿ. ಹಿಂದೂ ಮಹಾಸಾಗರದಲ್ಲಿ, ಶ್ರೀಲಂಕಾದ ದಕ್ಷಿಣಕ್ಕೆ, ಸಮುದ್ರಮಟ್ಟದ ಮೇಲ್ಮೈ ಆ ಮೊಟ್ಟೆಗಿಂತ ನೂರು ಮೀಟರಿಗೂ ಹೆಚ್ಚು ಕೆಳಗಿದೆ. ಜಗತ್ತಿನಲ್ಲೇ ಅತಿ ಆಳದ ತಗ್ಗು ಅದು. ಅದರ ಅಂಚು ನಮ್ಮವರೆಗೂ ಚಾಚಿದೆ. ಹಾಗಾಗಿ ನಮ್ಮ ಭಾಗದಲ್ಲಿ ರೋವರ್ ಹೇಳುವ ಎತ್ತರಕ್ಕೂ ಸಮುದ್ರಮಟ್ಟದಿಂದ ಅಳೆದ ಎತ್ತರಕ್ಕೂ 80 ಮೀಟರಿಗಿಂತ ಹೆಚ್ಚು ಅಂತರ. ಅದನ್ನು ತುಂಬಲು ಒಂದು ಮಾದರಿ ನಕ್ಷೆ ಹಾಕಿಕೊಳ್ಳುತ್ತೇವೆ. ಆ ನಕ್ಷೆ ಹೊಲದ ಮಟ್ಟಕ್ಕೆ ಬಂದಾಗ ಸೆಂಟಿಮೀಟರ್ ಲೆಕ್ಕದಲ್ಲಿ ನಂಬುವಂಥದ್ದಲ್ಲ. ಜಾಗಕ್ಕೆ ಐದಕ್ಕೆ ಐದು, ಕಾಲಕ್ಕೆ ಐದಕ್ಕೆ ಐದು ಕೊಡುವ ನಾನು ಎತ್ತರಕ್ಕೆ ಮೂರು ಕೊಡುತ್ತೇನೆ.

ಈ ಮೂರನ್ನು ಐದು ಮಾಡುವ ದಾರಿಯೂ ಕಾಲ ಹಿಗ್ಗುವುದರಲ್ಲೇ ಇದೆ, ಅದಕ್ಕೇ ಈ ವಿಷಯ ನನ್ನನ್ನು ಬಿಡುವುದಿಲ್ಲ. ನಿಜವಾದ ಸಮುದ್ರಮಟ್ಟ ಅಂದರೆ, ಎಲ್ಲ ಗಡಿಯಾರಗಳೂ ಒಂದೇ ವೇಗದಲ್ಲಿ ನಡೆಯುವ ಮೇಲ್ಮೈ. ಅದಕ್ಕಿಂತ ಮೇಲೆ ಹೋದರೆ ಗಡಿಯಾರ ಬೇಗ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ, ಕಡಲ ದಂಡೆಯ ಮಂಗಳೂರಿಗಿಂತ ದಿನಕ್ಕೆ ಸುಮಾರು 8 ನ್ಯಾನೋಸೆಕೆಂಡ್ ಮುಂದೆ. ಗಡಿಯಾರದ ವೇಗ ಹೇಳಿ, ಎತ್ತರ ಹೇಳುತ್ತೇನೆ ಅನ್ನಬಹುದು. ಹಾರ್ವರ್ಡ್‌ನಲ್ಲಿ ಪೌಂಡ್ ಮತ್ತು ರೆಬ್ಕಾ 1960ರ ಹೊತ್ತಿಗೆ 22.5 ಮೀಟರ್ ಎತ್ತರದ ಗೋಪುರದಲ್ಲಿ ಈ ವ್ಯತ್ಯಾಸ ಅಳೆದರು. 2010ರಲ್ಲಿ ಅಮೆರಿಕದ ಪ್ರಯೋಗಾಲಯವೊಂದು ಅಲ್ಯೂಮಿನಿಯಂ ಅಯಾನಿನ ಗಡಿಯಾರವನ್ನು 33 ಸೆಂಟಿಮೀಟರ್ ಎತ್ತರಿಸಿ ವ್ಯತ್ಯಾಸ ಕಂಡಿತು. 2020ರಲ್ಲಿ ಜಪಾನಿನವರು ಟೋಕಿಯೊ ಸ್ಕೈಟ್ರೀ ಗೋಪುರದ ಬುಡದಲ್ಲೊಂದು, 450 ಮೀಟರ್ ಮೇಲೊಂದು ಸ್ಟ್ರಾಂಷಿಯಂ ಗಡಿಯಾರ ಇಟ್ಟು ಪ್ರಯೋಗಾಲಯದ ಹೊರಗೂ ಇದು ಸಾಧ್ಯ ಎಂದು ತೋರಿಸಿದರು. 2022ರಲ್ಲಿ ಒಂದೇ ಪರಮಾಣು ಗುಂಪಿನ ಮೇಲ್ತುದಿಗೂ ಕೆಳತುದಿಗೂ, ಒಂದು ಮಿಲಿಮೀಟರ್ ಅಂತರದಲ್ಲಿ, ಕಾಲದ ವ್ಯತ್ಯಾಸ ಸಿಕ್ಕಿತು.

ಇಲ್ಲಿ ಪಾತ್ರಗಳು ಅದಲುಬದಲಾಗಿವೆ. ಹತ್ತರ ಹದಿನೆಂಟನೇ ಘಾತದಲ್ಲಿ ಒಂದು ಭಾಗದಷ್ಟು ನಿಖರವಾದ ಎರಡು ಗಡಿಯಾರಗಳನ್ನು ಹೋಲಿಸಬೇಕಾದರೆ ಅವುಗಳ ಎತ್ತರದ ವ್ಯತ್ಯಾಸ ಒಂದು ಸೆಂಟಿಮೀಟರಿಗೆ ಗೊತ್ತಿರಬೇಕು. ಅಷ್ಟು ಚೆನ್ನಾಗಿ ದೂರದೂರದ ಊರುಗಳ ಎತ್ತರ ಇನ್ನೂ ಗೊತ್ತಿಲ್ಲ. ಇಷ್ಟು ದಿನ ಗಡಿಯಾರದವರು ಕೊಟ್ಟ ಕಾಲವನ್ನು ನಾವು ಸರ್ವೆಯವರು ಬಳಸಿಕೊಂಡೆವು, ಈಗ ಅವರ ಗಡಿಯಾರ ಮುಂದೆ ಹೋಗಲು ಸರ್ವೆಯವರ ಮಟ್ಟ ಬೇಕಾಗಿದೆ. ಅಂಥ ಗಡಿಯಾರಗಳನ್ನು ಜಿಲ್ಲೆಗೊಂದರಂತೆ ಇಟ್ಟು ಗಾಜಿನ ಎಳೆಯ ತಂತಿಗಳಲ್ಲಿ (ಆಪ್ಟಿಕಲ್ ಫೈಬರ್) ಜೋಡಿಸಿದ ದಿನ, ಎರಡು ಕೆರೆಗಳಲ್ಲಿ ಯಾವುದು ಮೇಲೆ ಎಂದು ಗಡಿಯಾರ ನೋಡಿ ಹೇಳಬಹುದು.

ಈ ಸೇವೆ ಬಳಸುವವರಿಗೆ, ವಿಶೇಷವಾಗಿ ಹೊಸದಾಗಿ ಲೈಸೆನ್ಸ್ ತೆಗೆದುಕೊಂಡ ಹುಡುಗ ಹುಡುಗಿಯರಿಗೆ ನನ್ನ ಸಲಹೆ: ಕಚ್ಚಾ ಕಡತ ದಾಖಲಿಸದ ರೋವರ್ ಕೊಳ್ಳಬೇಡಿ, ಎಷ್ಟೇ ಅಗ್ಗಕ್ಕೆ ಸಿಗಲಿ. ಐದೂ ವ್ಯವಸ್ಥೆಗಳನ್ನು ಚಾಲೂ ಇಡಿ. 'ಫ್ಲೋಟ್'ನಲ್ಲಿ ಬದು ಗುರುತಿಸಬೇಡಿ, ಗ್ರಾಮ ಆಡಳಿತಾಧಿಕಾರಿ ಅವಸರ ಮಾಡಿದರೂ ಸರಿ. ಬದುವಿಗೆ, ಮೂಲೆಗೆ, ಗುಂಟೆಗೆ ರೋವರ್ ಸಾಕು. ಕೆರೆಯ ತೂಬಿಗೆ, ಕಾಲುವೆಯ ತಳಕ್ಕೆ ಮಾತ್ರ ಇವತ್ತಿಗೂ ನಾನು ಆಟೋ ಲೆವೆಲ್ (ಮಟ್ಟ ನೋಡುವ ದುರ್ಬೀನು) ಮತ್ತು ಸ್ಟಾಫ್ (ಅಳತೆಯ ಕೋಲು) ಹೊತ್ತೇ ಹೋಗುತ್ತೇನೆ.